ವಿಡಿಯೋ ಗೇಮ್ ಹಬ್ಬದಲ್ಲಿ ಮೇಷ್ಟ್ರಿಗೇನು ಕೆಲಸ?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ದುಡ್ಡು ಕಟ್ಟಿ ಆಡುವ ಆಟಗಳಿಗೆ ಬೀಗ ಬಿತ್ತು. ಮನೆಮನೆಯಲ್ಲೂ ಅದೇ ಮಾತಾಯಿತು. "ಗೇಮ್ ಅಂದ್ರೆ ಹಾಳಾಗೋ ದಾರಿ, ನೋಡು, ಸರ್ಕಾರನೇ ಬಂದ್ ಮಾಡ್ತು" ಅಂತ ಮಕ್ಕಳಿಗೆ ಹೇಳಿದ ಅಪ್ಪ ಅಮ್ಮಂದಿರು ಎಷ್ಟೋ ಜನ.

ಆದರೆ ಆ ಕಾಯ್ದೆ ಎಲ್ಲ ಆಟಗಳನ್ನೂ ಒಂದೇ ಬುಟ್ಟಿಗೆ ಹಾಕಿಲ್ಲ. ದುಡ್ಡು ಪಣಕ್ಕಿಡುವ ಆಟ ಒಂದು ಬಗೆ, ಅದಕ್ಕೆ ನಿಷೇಧ. ಇ-ಸ್ಪೋರ್ಟ್ಸ್, ಅಂದರೆ ಕ್ರೀಡೆಯ ಹಾಗೆ ನಡೆಯುವ ಗೇಮ್ ಪಂದ್ಯಾವಳಿ, ಇನ್ನೊಂದು ಬಗೆ. ಮನರಂಜನೆಗೆ, ಕಲಿಕೆಗೆ ಆಡುವ ಆಟ ಮೂರನೆಯದು. ಕೊನೆಯ ಎರಡಕ್ಕೆ ಪ್ರೋತ್ಸಾಹ ಕೊಡಬಹುದು ಅಂತ ಕಾಯ್ದೆಯೇ ಹೇಳುತ್ತದೆ.

ಹಾಗಾದರೆ ಕಲಿಕೆಗೆ ಆಡುವ ಗೇಮ್ ಅಂದರೆ ಏನು? ಅದನ್ನು ಯಾರು ಮಾಡುತ್ತಾರೆ? ಶಾಲೆಗೂ ಅದಕ್ಕೂ ಏನು ಸಂಬಂಧ? ಇದಕ್ಕೆ ಒಳ್ಳೆಯ ಉತ್ತರ ಸಿಗುವ ಒಂದು ಜಾಗ ನ್ಯೂಯಾರ್ಕ್‌ನಲ್ಲಿದೆ. ಅಲ್ಲಿ ಗೇಮ್‌ಗಳಿಗಾಗಿ ವರ್ಷಕ್ಕೊಮ್ಮೆ ಒಂದು ಹಬ್ಬವೇ ನಡೆಯುತ್ತದೆ. ಅದರ ಹೆಸರು ಗೇಮ್ಸ್ ಫಾರ್ ಚೇಂಜ್. ಅಲ್ಲಿಗೆ ಗೇಮ್ ಕಂಪನಿಯವರ ಜೊತೆ ಶಾಲೆ ಟೀಚರ್‌ಗಳೂ ಬರುತ್ತಾರೆ. ಮಕ್ಕಳು ತಾವೇ ಮಾಡಿದ ಗೇಮ್‌ಗಳಿಗೂ ಅದರಲ್ಲಿ ಜಾಗ ಇದೆ.

ಏನಿದು ಹಬ್ಬ?

ಗೇಮ್ಸ್ ಫಾರ್ ಚೇಂಜ್ ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ. ಸುಝಾನ್ ಸೆಗರ್‌ಮನ್, ಬ್ಯಾರಿ ಜೋಸೆಫ್, ಬೆಂಜಮಿನ್ ಸ್ಟೋಕ್ಸ್ ಎಂಬ ಮೂವರು ಸೇರಿ 2004ರಲ್ಲಿ ಶುರು ಮಾಡಿದ್ದು. ಸಮಾಜಕ್ಕೆ ಉಪಯೋಗ ಆಗುವ ಗೇಮ್‌ಗಳು ಬರಬೇಕು, ಅವನ್ನು ಮಾಡುವವರು, ಪಾಠಕ್ಕೆ ಬಳಸುವವರು, ದುಡ್ಡು ಹಾಕುವವರು ಒಂದು ಕಡೆ ಸೇರಬೇಕು ಅನ್ನೋದು ಅವರ ಉದ್ದೇಶ. ಈಚಿನ ವರ್ಷಗಳಲ್ಲಿ ಹಬ್ಬ ಜೂನ್-ಜುಲೈ ಹೊತ್ತಿಗೆ ನಡೆಯುತ್ತದೆ. ಕೊರೊನಾ ಬಂದ 2020ರಲ್ಲಿ ಪೂರ್ತಿ ಆನ್‌ಲೈನ್ ಆಗಿತ್ತು.

ಅಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ಭಾಷಣ, ಚರ್ಚೆ. ಇನ್ನೊಂದು ಕಡೆ ಹೊಸ ಗೇಮ್‌ಗಳನ್ನು ಬಂದವರೇ ಕೂತು ಆಡಿ ನೋಡಬಹುದು. ಜೊತೆಗೆ ವರ್ಷದ ಒಳ್ಳೆಯ ಗೇಮ್‌ಗಳಿಗೆ ಬಹುಮಾನ.

ಈ ಹಬ್ಬದ ವೇದಿಕೆ ಎಂಥದ್ದು ಅಂತ ಗೊತ್ತಾಗಲು ಒಂದು ಸಂಗತಿ ಹೇಳಬೇಕು. ಸಾಂಡ್ರಾ ಡೇ ಓಕಾನರ್ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ನಿವೃತ್ತಿಯಾದ ಮೇಲೆ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಸರ್ಕಾರ ಹೇಗೆ ನಡೆಯುತ್ತದೆ, ಕೋರ್ಟ್ ಏನು ಮಾಡುತ್ತದೆ ಅನ್ನೋದು ಮಕ್ಕಳಿಗೆ ಗೊತ್ತೇ ಇಲ್ಲವಲ್ಲ ಅಂತ. 2008ರ ಹಬ್ಬದಲ್ಲಿ ಮಾತಾಡಿದ ಅವರು ಇದನ್ನು ಗೇಮ್ ಮೂಲಕ ಕಲಿಸುವ ತಮ್ಮ ಯೋಜನೆಯನ್ನು ಮುಂದಿಟ್ಟರು. ಅದೇ ಮುಂದೆ ಐಸಿವಿಕ್ಸ್ ಎಂಬ ಸಂಸ್ಥೆಯಾಯಿತು. ಅದರ ಒಂದು ಗೇಮ್‌ನಲ್ಲಿ ನೀವು ವಕೀಲರ ಕಚೇರಿ ನಡೆಸಬೇಕು. ಒಬ್ಬೊಬ್ಬರೇ ದೂರು ಹಿಡಿದು ಬರುತ್ತಾರೆ. ಇವರ ಯಾವ ಹಕ್ಕಿಗೆ ಧಕ್ಕೆಯಾಗಿದೆ? ನಿಜವಾಗಿ ಆಗಿದೆಯಾ, ಇಲ್ಲ ಸುಮ್ನೆ ಬೇಜಾರಿಗೆ ಬಂದಿದ್ದಾರಾ? ಅದನ್ನು ತೀರ್ಮಾನಿಸಿ ಸರಿಯಾದ ವಕೀಲರ ಬಳಿ ಕಳಿಸಬೇಕು. ಸಂವಿಧಾನದ ತಿದ್ದುಪಡಿಗಳನ್ನು ಕಂಠಪಾಠ ಮಾಡಿದ್ದರೆ ಸಾಲದು. ಎದುರಿಗೆ ನಿಂತ ಮನುಷ್ಯನ ಕತೆಗೆ ಅದು ಹೊಂದುತ್ತದಾ ಅಂತ ಯೋಚಿಸಬೇಕು.

ಇದು ಇತ್ತೀಚಿನ ಹುಚ್ಚು ಅಲ್ಲ

ಪಾಠಕ್ಕಾಗಿ ಕಂಪ್ಯೂಟರ್ ಗೇಮ್ ಮಾಡುವುದಕ್ಕೆ ಅರ್ಧ ಶತಮಾನದ ಚರಿತ್ರೆ ಇದೆ.

1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡಾನ್ ರಾವಿಟ್ಷ್ ಎಂಬ ಯುವಕ ಟೀಚರ್ ಆಗಲು ತರಬೇತಿ ಪಡೆಯುತ್ತಿದ್ದರು. ಎಂಟನೇ ತರಗತಿಗೆ ಚರಿತ್ರೆ ಹೇಳಬೇಕಿತ್ತು. ಪಾಠ ಏನೆಂದರೆ, 19ನೇ ಶತಮಾನದಲ್ಲಿ ಜನ ಎತ್ತಿನ ಬಂಡಿ ಕಟ್ಟಿಕೊಂಡು ಪಶ್ಚಿಮದ ಆರೆಗಾನ್ ಕಡೆಗೆ ವಲಸೆ ಹೋದದ್ದು. ಇದನ್ನೊಂದು ಆಟ ಮಾಡಬೇಕು ಅಂತ ಅವರು ಯೋಚಿಸಿದರು. ಅವರ ಜೊತೆ ಒಂದೇ ಮನೆಯಲ್ಲಿದ್ದ ಬಿಲ್ ಹೈನೆಮನ್, ಪಾಲ್ ಡಿಲೆನ್‌ಬರ್ಗರ್ ಇಬ್ಬರಿಗೂ ಪ್ರೋಗ್ರಾಮ್ ಬರೆಯೋದು ಗೊತ್ತಿತ್ತು. ಎರಡೇ ವಾರದಲ್ಲಿ ಗೇಮ್ ರೆಡಿಯಾಯಿತು. ಅದರ ಹೆಸರು ದಿ ಆರೆಗಾನ್ ಟ್ರೇಲ್.

ಆಗ ಶಾಲೆಯಲ್ಲಿ ಕಂಪ್ಯೂಟರ್ ಪರದೆ ಇರಲಿಲ್ಲ. ಇದ್ದದ್ದು ಟೆಲಿಟೈಪ್ ಅನ್ನೋ ಯಂತ್ರ. ನೀವು ಟೈಪ್ ಮಾಡಿದ್ದು ಫೋನ್ ಲೈನಿನಲ್ಲಿ ದೂರದ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ, ಉತ್ತರ ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಊಟಕ್ಕೆ ಎಷ್ಟು ಖರ್ಚು, ಬಟ್ಟೆಗೆ ಎಷ್ಟು, ಗುಂಡುಮದ್ದಿಗೆ ಎಷ್ಟು ಅಂತ ಮಕ್ಕಳು ತೀರ್ಮಾನಿಸಬೇಕಿತ್ತು. ಬೇಟೆಯಾಡಬೇಕಾದರೆ 'ಬ್ಯಾಂಗ್' ಅಂತ ಬೇಗ, ತಪ್ಪಿಲ್ಲದೆ ಟೈಪ್ ಮಾಡಬೇಕು. ನಿಧಾನ ಮಾಡಿದರೆ ಪ್ರಾಣಿ ತಪ್ಪಿಸಿಕೊಂಡಿತು ಅಂತ ಲೆಕ್ಕ.

ಆ ತರಗತಿ ಮುಗಿದ ಮೇಲೆ ರಾವಿಟ್ಷ್ ಪ್ರೋಗ್ರಾಮನ್ನು ಕಂಪ್ಯೂಟರಿನಿಂದ ಅಳಿಸಿದರು, ಆದರೆ ಅದರ ಅಚ್ಚಾದ ಪ್ರತಿಯನ್ನು ಇಟ್ಟುಕೊಂಡರು. 1974ರಲ್ಲಿ ಅವರು ಮಿನ್ನೆಸೋಟ ರಾಜ್ಯದ ಶಾಲೆಗಳಿಗೆ ಕಂಪ್ಯೂಟರ್ ಸೇವೆ ಕೊಡುತ್ತಿದ್ದ ಸಂಸ್ಥೆಯೊಂದನ್ನು ಸೇರಿ, ಅದನ್ನೇ ನೋಡಿ ಮತ್ತೆ ಟೈಪ್ ಮಾಡಿದರು. ಈ ಸಲ ಅವರು ಮಾಡಿದ ಒಂದು ಬದಲಾವಣೆ ಇಡೀ ವಿಷಯಕ್ಕೆ ಕೀಲಿಕೈ ಇದ್ದ ಹಾಗೆ. ದಾರಿಯಲ್ಲಿ ಕಾಯಿಲೆ ಬರೋದು, ಬಂಡಿ ಮುರಿಯೋದು, ಹವಾಮಾನ ಕೆಡೋದು ಎಷ್ಟು ಸಲ ಆಗಬೇಕು ಅನ್ನೋದನ್ನು ಮೊದಲು ಅಂದಾಜಿನಲ್ಲಿ ಹಾಕಿದ್ದರು. ಈಗ ಆ ಕಾಲದ ವಲಸಿಗರು ಬರೆದಿಟ್ಟ ದಿನಚರಿಗಳನ್ನು ಓದಿ, ಅವರಿಗೆ ನಿಜವಾಗಿ ಆದದ್ದಕ್ಕೆ ಹೊಂದುವ ಹಾಗೆ ಸರಿಪಡಿಸಿದರು.

ಅಂದರೆ ಚರಿತ್ರೆಯ ಪಾಠ ಕೂತದ್ದು ಗೇಮಿನ ಅಂಕಿಗಳಲ್ಲಿ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಗೇಮಿನ ಒಳಗೆ ಏನಿರುತ್ತದೆ?

ಗೇಮ್ ಅಂದ ಕೂಡಲೇ ನಮಗೆ ಕಾಣೋದು ಚಿತ್ರ, ಸದ್ದು, ಓಡುವ ಗೊಂಬೆ. ಗೇಮ್ ಮಾಡುವವರಿಗೆ ಮೊದಲು ಕಾಣೋದು ನಿಯಮ. ಇದಕ್ಕೆ ಅವರು ಮೆಕ್ಯಾನಿಕ್ಸ್ ಅನ್ನುತ್ತಾರೆ.

ಚೌಕಾಬಾರ ಆಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಐದು ಅಡ್ಡ, ಐದು ಉದ್ದ ಮನೆಗಳು. ನಾಲ್ಕು ಕವಡೆ. ನಿಮ್ಮ ಕಾಯಿ ನನ್ನ ಕಾಯಿ ಇರುವ ಮನೆಗೆ ಬಂದರೆ ನನ್ನ ಕಾಯಿ ಸತ್ತಿತು, ಮತ್ತೆ ಮೊದಲಿಂದ ಹೊರಡಬೇಕು. ಅಡ್ಡಗೆರೆ ಎಳೆದ ಮನೆಯಲ್ಲಿದ್ದರೆ ಯಾರೂ ಮುಟ್ಟುವಂತಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ ಅನ್ನೋದು ಹಲವು ಮನೆಗಳಲ್ಲಿ ಇರುವ ನಿಯಮ.

ಈಗ ಆ ಕೊನೆಯ ನಿಯಮ ತೆಗೆದುಬಿಡಿ. ಏನಾಗುತ್ತದೆ? ಎಲ್ಲರೂ ಸುಮ್ನೆ ಗೆರೆ ಮನೆಯಿಂದ ಗೆರೆ ಮನೆಗೆ ಹೋಗುತ್ತಾ ಹಣ್ಣು ಮಾಡಿಕೊಳ್ಳುತ್ತಾರೆ. ಹೊಂಚು ಹಾಕೋದು ಕಡಿಮೆಯಾಗುತ್ತದೆ, ಕೂಗಾಟ, ಸಿಟ್ಟು ಕಡಿಮೆಯಾಗುತ್ತದೆ. ಹಲಗೆ ಅದೇ, ಕವಡೆ ಅದೇ, ಆಡುವವರೂ ಅವರೇ. ಒಂದು ನಿಯಮ ಹೋದದ್ದಕ್ಕೆ ಆಟದ ಸ್ವಭಾವವೇ ಬದಲಾಯಿತು.

ನಿಯಮದಿಂದ ಆಡುವವರ ನಡವಳಿಕೆ ಹುಟ್ಟುತ್ತದೆ. ನಡವಳಿಕೆಯಿಂದ ಅನುಭವ ಹುಟ್ಟುತ್ತದೆ. ಗೇಮ್ ಮಾಡುವವರ ಕೈಯಲ್ಲಿ ನೇರವಾಗಿ ಇರೋದು ಮೊದಲನೆಯದು ಮಾತ್ರ. 2007ರಲ್ಲಿ ಬಂದ ಪೀಸ್‌ಮೇಕರ್ ಅನ್ನುವ ಗೇಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ನೀವು ಇಸ್ರೇಲಿನ ಪ್ರಧಾನಿ ಆಗಬಹುದು, ಇಲ್ಲವೇ ಪ್ಯಾಲೆಸ್ಟೀನಿನ ಅಧ್ಯಕ್ಷ. ಯಾರಾದರೂ ಸರಿ, ಎರಡೂ ಕಡೆಯ ಜನರ ಒಪ್ಪಿಗೆ ಇಲ್ಲದೆ ಗೆಲ್ಲಲಾಗದು. ಒಬ್ಬರನ್ನು ಖುಷಿಪಡಿಸುವ ತೀರ್ಮಾನ ಇನ್ನೊಬ್ಬರನ್ನು ಕೆರಳಿಸುತ್ತದೆ. ಶಾಂತಿ ಕಷ್ಟ ಅಂತ ಆ ಗೇಮ್ ಎಲ್ಲೂ ಉಪದೇಶ ಮಾಡಬೇಕಿಲ್ಲ. ನಿಯಮವೇ ಅದನ್ನು ಅನುಭವಕ್ಕೆ ತರುತ್ತದೆ. ಇದನ್ನು ಮಾಡಿದವರಲ್ಲಿ ಒಬ್ಬರಾದ ಆಸಿ ಬುರಾಕ್ ಮುಂದೆ ಗೇಮ್ಸ್ ಫಾರ್ ಚೇಂಜ್ ಸಂಸ್ಥೆಯ ಮುಖ್ಯಸ್ಥರೂ ಆದರು.

ಮಕ್ಕಳೇ ಗೇಮ್ ಮಾಡುವ ಸ್ಪರ್ಧೆ

ಈ ಸಂಸ್ಥೆ 2015ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಸ್ಟೂಡೆಂಟ್ ಚಾಲೆಂಜ್ ಅಂತ ಒಂದು ಸ್ಪರ್ಧೆ ಶುರು ಮಾಡಿತು. ಆಮೇಲೆ ಡಲ್ಲಾಸ್, ಪಿಟ್ಸ್‌ಬರ್ಗ್ ಮುಂತಾದ ಊರುಗಳಿಗೂ ಹಬ್ಬಿತು. ಮಾಧ್ಯಮಿಕ ಶಾಲೆ, ಪ್ರೌಢಶಾಲೆಯ ಮಕ್ಕಳಿಗೆ ಇದು. ನಿಜ ಜೀವನದ ಕೆಲವು ವಿಷಯಗಳನ್ನು ಕೊಡುತ್ತಾರೆ. ಪರಿಸರ, ತಮ್ಮ ಊರಿನ ಕತೆ, ಈ ಥರದ್ದು. ಮಕ್ಕಳು ಶಾಲೆಯಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ ಅದರ ಮೇಲೊಂದು ಗೇಮ್ ಮಾಡಿ ಕಳಿಸಬೇಕು. ಗೇಮ್ ಉದ್ಯಮದವರು, ಆ ವಿಷಯ ಬಲ್ಲವರು ಅದನ್ನು ನೋಡಿ ಬಹುಮಾನ ಕೊಡುತ್ತಾರೆ.

ಇಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಟೀಚರ್‌ಗಳ ತರಬೇತಿ. ವಿಜ್ಞಾನದ ಮೇಷ್ಟ್ರು, ಭಾಷೆಯ ಟೀಚರ್, ಗ್ರಂಥಾಲಯ ನೋಡಿಕೊಳ್ಳುವವರು, ಯಾರು ಬೇಕಾದರೂ ಕಲಿಯಬಹುದು. ಕೋಡಿಂಗ್ ಮೊದಲೇ ಬರಬೇಕು ಅಂತೇನಿಲ್ಲ.

ಬ್ರಿಟನ್ನಿನಲ್ಲಿ ಸಿನಿಮಾ, ಟಿವಿ, ಗೇಮ್‌ಗಳಿಗೆ ಪ್ರಶಸ್ತಿ ಕೊಡುವ ಬಾಫ್ಟಾ ಸಂಸ್ಥೆ ಕೂಡ 10ರಿಂದ 18 ವರ್ಷದವರಿಗೆ ಇಂಥದ್ದೇ ಸ್ಪರ್ಧೆ ನಡೆಸುತ್ತದೆ. ಅದರಲ್ಲೊಂದು ಅನುಕೂಲ ಇದೆ. ಪೂರ್ತಿ ಗೇಮ್ ಮಾಡಲಾಗದವರು ಬರೀ ಗೇಮಿನ ಕಲ್ಪನೆಯನ್ನು ಬರೆದು, ಚಿತ್ರ ಬಿಡಿಸಿ ಕಳಿಸಬಹುದು.

ಒಂದು ಕೆರೆ, ಎರಡು ಬೆಳೆ

ಗೇಮ್ ಮಾಡುತ್ತಾ ಮಗು ಏನು ಕಲಿಯುತ್ತದೆ ಅನ್ನೋದನ್ನು ನಮಗೆ ಗೊತ್ತಿರುವ ವಿಷಯದ ಮೇಲೇ ನೋಡೋಣ. ಒಬ್ಬ ಹುಡುಗಿ ಊರ ಕೆರೆಯ ಮೇಲೆ ಗೇಮ್ ಮಾಡಲು ಹೊರಟಿದ್ದಾಳೆ ಅಂದುಕೊಳ್ಳಿ. ಕಬ್ಬು ಬೆಳೆದರೆ ದುಡ್ಡು ಜಾಸ್ತಿ, ಆದರೆ ಕೆರೆ ಬತ್ತುತ್ತದೆ, ಯೋಚಿಸಿ ಬೆಳೆ ಆರಿಸಬೇಕು ಅಂತ ತೋರಿಸೋದು ಅವಳ ಆಸೆ.

ಅವಳು ಬಳಸೋದು ಸ್ಕ್ರ್ಯಾಚ್. ಇದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿ 2007ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಾಧನ. ಪುಕ್ಕಟೆ ಸಿಗುತ್ತದೆ. ಇದರಲ್ಲಿ ಕೋಡನ್ನು ಟೈಪ್ ಮಾಡಬೇಕಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಎಳೆದು ಒಂದರ ಕೆಳಗೊಂದು ಜೋಡಿಸಬೇಕು. ಹಸಿರು ಬಾವುಟ ಒತ್ತಿದರೆ ಆಟ ಶುರು.

ಮೊದಲು ಅವಳು 'ನೀರು' ಅಂತ ಒಂದು ವೇರಿಯೇಬಲ್ ಮಾಡುತ್ತಾಳೆ. ವೇರಿಯೇಬಲ್ ಅಂದರೆ ಆಟದುದ್ದಕ್ಕೂ ಬದಲಾಗುತ್ತಾ ಹೋಗುವ ಒಂದು ಅಂಕಿಗೆ ಇಟ್ಟ ಹೆಸರು. ಕೆರೆ ತುಂಬಿದರೆ 100, ಬತ್ತಿದರೆ ಸೊನ್ನೆ. ಜೂನ್ ತಿಂಗಳಲ್ಲಿ ಆಟ ಶುರುವಾಗುವಾಗ 60 ಇರಲಿ. ಒಂದೊಂದು ಸರದಿಗೆ ಒಂದೊಂದು ತಿಂಗಳು. ಊರಿನ ಮನೆಗಳಿಗೆ ತಿಂಗಳಿಗೆ 5 ಬೇಕು. ಕಬ್ಬಾದರೆ ವರ್ಷಪೂರ್ತಿ ತಿಂಗಳಿಗೆ ಇನ್ನೂ 8. ರಾಗಿಯಾದರೆ ನಾಲ್ಕು ತಿಂಗಳು ಮಾತ್ರ, 3ರಂತೆ.

ಮಳೆ? ಅದಕ್ಕೊಂದು ಹಸಿರು ತುಂಡು ಇದೆ. ಅದರಲ್ಲಿ ಅಂಕಿ ಬರೆಯಲು ಎರಡು ಬಿಳಿ ಜಾಗ. ಎರಡರಲ್ಲೂ ಒಂದೊಂದು ಅಂಕಿ ಹಾಕಿದರೆ ಅವುಗಳ ನಡುವಿನ ಯಾವುದೋ ಒಂದು ಅಂಕಿಯನ್ನು ಕಂಪ್ಯೂಟರ್ ತಾನೇ ಆರಿಸುತ್ತದೆ. ಹುಡುಗಿ 20, 40 ಅಂತ ಹಾಕುತ್ತಾಳೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ತಿಂಗಳೂ ಅಷ್ಟು ನೀರು ಕೆರೆಗೆ ಸೇರುತ್ತದೆ.

ಗೇಮ್ ರೆಡಿ. ಗೆಳತಿಯನ್ನು ಕೂರಿಸಿ ಆಡಿಸುತ್ತಾಳೆ. ಗೆಳತಿ ಕಬ್ಬು ಹಾಕುತ್ತಾಳೆ, ವರ್ಷ ಕಳೆಯುತ್ತದೆ, ಕೆರೆ ಬತ್ತಲ್ಲ. ಇನ್ನೊಂದು ಸಲ ಕಬ್ಬು, ಆಗಲೂ ಬತ್ತಲ್ಲ. ರಾಗಿ ಯಾಕೆ ಹಾಕಬೇಕು ಅಂತಲೇ ಗೆಳತಿಗೆ ಗೊತ್ತಾಗಲ್ಲ. ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟ. ಮಳೆ ಅತಿ ಕಡಿಮೆ ಅಂದರೂ ತಿಂಗಳಿಗೆ 20 ಬರುತ್ತದೆ, ಖರ್ಚು 13. ಐದು ತಿಂಗಳಲ್ಲಿ ಕೆರೆ ಕಡಿಮೆ ಅಂದರೂ 95 ಮುಟ್ಟುತ್ತದೆ. ಉಳಿದ ಏಳು ತಿಂಗಳಿಗೆ ಬೇಕಾದದ್ದು 91. ಕಬ್ಬೇ ಗೆಲ್ಲುತ್ತದೆ.

ಅವಳು ಹೇಳಬೇಕು ಅಂದುಕೊಂಡದ್ದು ಒಂದು, ಅವಳ ಗೇಮ್ ಹೇಳಿದ್ದು ಅದರ ಉಲ್ಟಾ. ಪರದೆಯ ಮೇಲೆ "ನೀರು ಉಳಿಸಿ" ಅಂತ ದಪ್ಪಕ್ಷರದಲ್ಲಿ ಬರೆದರೂ ಪ್ರಯೋಜನ ಇಲ್ಲ. ಆಡುವವರು ನಂಬೋದು ನಿಯಮವನ್ನು.

ಆಗ ಅವಳು ಮಳೆಯ ಅಂಕಿಯನ್ನು 10, 20ಕ್ಕೆ ಇಳಿಸುತ್ತಾಳೆ. ಈಗ ಕಬ್ಬು ಹಾಕಿದವರ ಕೆರೆ ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ಬತ್ತುತ್ತದೆ. ರಾಗಿ ಹಾಕಿದವರಿಗೆ ಮುಂದಿನ ವರ್ಷಕ್ಕೂ ನೀರು ಉಳಿಯುತ್ತದೆ. ಅಲ್ಲಿಗೆ ಮುಗಿಯಿತಾ? ಇಲ್ಲ. ಮೇಷ್ಟ್ರು ಕೇಳುತ್ತಾರೆ: "10, 20 ಅಂತ ಯಾಕೆ ಹಾಕಿದೆ? ನಿನಗೆ ಬೇಕಾದ ಉತ್ತರ ಬರಲಿ ಅಂತನಾ? ನಮ್ಮ ತಾಲ್ಲೂಕಿನಲ್ಲಿ ನಿಜವಾಗಿ ಎಷ್ಟು ಮಳೆ ಬೀಳುತ್ತೆ?"

ಆ ಪ್ರಶ್ನೆಗೆ ಉತ್ತರ ಸ್ಕ್ರ್ಯಾಚ್‌ನಲ್ಲಿ ಇಲ್ಲ. ಅವಳು ಮಳೆ ಮಾಪನದ ದಾಖಲೆ ನೋಡಬೇಕು. ಕಬ್ಬಿಗೆ, ರಾಗಿಗೆ ಎಷ್ಟು ನೀರು ಬೇಕು ಅಂತ ರೈತರನ್ನು ಕೇಳಬೇಕು. ಕೆರೆಯಲ್ಲಿ ಹೂಳು ತುಂಬಿದರೆ 100 ಅನ್ನೋದು ವರ್ಷವರ್ಷ ಕಡಿಮೆಯಾಗಬೇಕಲ್ವಾ ಅಂತ ಹೊಳೆಯುತ್ತದೆ. ಕಬ್ಬಿನ ಸಾಲ ಇರುವವರು ರಾಗಿ ಹೇಗೆ ಹಾಕುತ್ತಾರೆ ಅನ್ನೋ ಪ್ರಶ್ನೆಯೂ ಬರಬಹುದು. ಗಣಿತ, ಭೂಗೋಳ, ಸಮಾಜ ಮೂರೂ ಒಂದೇ ಕೆರೆಗೆ ಬಂದು ಸೇರಿದವು. ರಾವಿಟ್ಷ್ ಆ ಹಳೇ ದಿನಚರಿಗಳನ್ನು ಹುಡುಕಿಕೊಂಡು ಹೋದದ್ದೂ ಇದೇ ಕಾರಣಕ್ಕೆ.

ಗೇಮ್ ಆಡುವ ಮಗುವಿಗಿಂತ ಗೇಮ್ ಮಾಡುವ ಮಗು ಹೆಚ್ಚು ಕಲಿಯುವ ಅವಕಾಶ ಇರೋದು ಇಲ್ಲೇ. ಆಡುವವರಿಗೆ ನಿಯಮ ಗೊತ್ತಿದ್ದರೆ ಸಾಕು. ಬರೆಯುವವರಿಗೆ ಆ ನಿಯಮ ಯಾಕೆ ಹಾಗಿದೆ ಅಂತ ಗೊತ್ತಿರಲೇಬೇಕು.

ಮಾತಾಡದೆ ನೋಡುವ ಕೆಲಸ

ಗೆಳತಿಯನ್ನು ಕೂರಿಸಿ ಆಡಿಸಿದಳು ಅಂದೆನಲ್ಲ, ಅದಕ್ಕೆ ಪ್ಲೇಟೆಸ್ಟ್ ಅನ್ನುತ್ತಾರೆ. ಅದಕ್ಕೊಂದು ಶಿಸ್ತು ಇದೆ. ಮಾಡಿದವರು ಹಿಂದೆ ನಿಂತು ನೋಡಬೇಕು, ಬಾಯಿ ಬಿಡಬಾರದು. "ಅಲ್ಲಿ ಅಲ್ಲ, ಇಲ್ಲಿ ಒತ್ತು" ಅಂತ ಹೇಳುವಂತಿಲ್ಲ. ಆಡುವವರು ಎಲ್ಲಿ ತಡವರಿಸುತ್ತಾರೆ, ಯಾವ ಗುಂಡಿ ಅವರ ಕಣ್ಣಿಗೆ ಬೀಳಲೇ ಇಲ್ಲ, ಎಲ್ಲಿ ಬೇಜಾರಾಗಿ ಆಕಳಿಸಿದರು, ಇದೆಲ್ಲ ಬರೆದುಕೊಳ್ಳಬೇಕು. ಆಟ ಮುಗಿದ ಮೇಲೆ ಕೇಳಬೇಕಾದದ್ದು "ಚೆನ್ನಾಗಿತ್ತಾ?" ಅಂತ ಅಲ್ಲ. ಹಾಗೆ ಕೇಳಿದರೆ ಗೆಳತಿ ಹೂಂ ಅಂತಾಳೆ, ಮುಗೀತು. "ಏನು ಮಾಡಬೇಕು ಅಂತ ನಿನಗೆ ಯಾವಾಗ ಗೊತ್ತಾಯ್ತು?", "ಆ ತಿಂಗಳು ಯಾಕೆ ಕಬ್ಬು ಹಾಕಿದೆ?" ಅಂತ ಕೇಳಬೇಕು.

ತಾನು ಮಾಡಿದ್ದರಲ್ಲಿ ತಪ್ಪು ಸಿಕ್ಕಿದಾಗ ಅದನ್ನು ಸರಿ ಮಾಡಿ ಮತ್ತೆ ಆಡಿಸೋದೇ ಇಲ್ಲಿನ ರೂಢಿ. ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಹೋಗುತ್ತದೆ. ಇಲ್ಲಿ ತಪ್ಪು ಸಿಗದಿದ್ದರೆ ಪ್ಲೇಟೆಸ್ಟೇ ಸರಿಯಾಗಿ ಆಗಿಲ್ಲ ಅಂತ ಅರ್ಥ.

ಹಬ್ಬಗಳಲ್ಲಿ ಕೇಳಿಬರುವ ಇನ್ನೊಂದು ಪದ ಗೇಮ್ ಜಾಮ್. ಕೆಲವೇ ಗಂಟೆ ಅಥವಾ ದಿನಗಳಲ್ಲಿ ಗುಂಪಾಗಿ ಕೂತು ಒಂದು ಪುಟ್ಟ ಗೇಮ್ ಮುಗಿಸೋದು. 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್ ಮೊದಲ ವರ್ಷವೇ 23 ದೇಶಗಳ 53 ಕಡೆ ನಡೆದಿತ್ತು. ವಿಷಯ ಏನು ಅಂತ ಶುರುವಿನಲ್ಲಷ್ಟೇ ಗೊತ್ತಾಗುತ್ತದೆ.

ಮೇಷ್ಟ್ರು ಮಾಡುವ ಕೆಲಸ

ಗೇಮ್ ತರಗತಿಗೆ ಬಂದರೆ ಟೀಚರ್ ಏನು ಮಾಡಬೇಕು, ಸುಮ್ನೆ ಕೂತಿರಬೇಕಾ? ಸಂಶೋಧನೆ ಇದಕ್ಕೆ ಉಲ್ಟಾ ಹೇಳುತ್ತದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2013ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಗೇಮ್‌ನಿಂದ ಕಲಿಕೆ ಹೆಚ್ಚುತ್ತದೆ ಅನ್ನೋದು ಕಂಡಿತು. ಅದರಲ್ಲೂ ಗೇಮ್ ಜೊತೆಗೆ ಬೇರೆ ಪಾಠವೂ ಇದ್ದಾಗ, ಒಂದೇ ಸಲ ಆಡಿಸದೆ ಹಲವು ಸಲ ಆಡಿಸಿದಾಗ, ಮಕ್ಕಳು ಗುಂಪಿನಲ್ಲಿ ಆಡಿದಾಗ ಕಲಿಕೆ ಇನ್ನೂ ಚೆನ್ನಾಗಿತ್ತು. ಇನ್ನೊಂದು ವಿಷಯ ನಮಗೆ ಅಚ್ಚರಿ ತರಬಹುದು. ಮಾಮೂಲಿ ಪಾಠಕ್ಕಿಂತ ಗೇಮ್ ಮಕ್ಕಳಲ್ಲಿ ಹೆಚ್ಚು ಉತ್ಸಾಹ ತುಂಬುತ್ತದೆ ಅನ್ನೋದಕ್ಕೆ ಅವರಿಗೆ ಗಟ್ಟಿ ಆಧಾರ ಸಿಗಲಿಲ್ಲ. ಅಂದರೆ ಗೇಮ್ ಕೊಟ್ಟ ಮಾತ್ರಕ್ಕೆ ಮಕ್ಕಳು ತಾವಾಗಿಯೇ ಹುರುಪಿನಿಂದ ಓದುತ್ತಾರೆ ಅಂತ ನಂಬುವ ಹಾಗಿಲ್ಲ.

ಹಾಗಾಗಿ ಟೀಚರ್‌ಗಳ ತರಬೇತಿಯಲ್ಲಿ ಗೇಮ್ ನಿಂತ ಮೇಲೆ ನಡೆಯುವ ಮಾತುಕತೆಗೆ ತುಂಬಾ ಬೆಲೆ. ಆಟದಲ್ಲಿ ಏನಾಯಿತು? ಯಾಕೆ ಆಯಿತು? ನಿಜ ಜೀವನದಲ್ಲಿ ಹೀಗೇ ಆಗುತ್ತಾ? ಎಲ್ಲಿ ಬೇರೆ? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬಾರದು. ಯಾವ ಗೇಮೂ ಲೋಕವನ್ನು ಪೂರ್ತಿ ಹೇಳಲ್ಲ, ಒಂದಿಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿರುತ್ತದೆ. ಏನನ್ನು ಬಿಟ್ಟಿದ್ದಾರೆ ಅಂತ ಹುಡುಕೋದು ಒಳ್ಳೆಯ ಪಾಠ. ಆರೆಗಾನ್ ಟ್ರೇಲ್ ವಿಷಯದಲ್ಲೂ ಈ ಪ್ರಶ್ನೆ ಬಂದಿದೆ. ಆ ದಾರಿಯುದ್ದಕ್ಕೂ ಮೊದಲಿಂದ ಬದುಕಿದ್ದ ಮೂಲನಿವಾಸಿಗಳ ಕಣ್ಣಿಂದ ನೋಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದಲ್ಲವೇ?

ಆ ಕೊರತೆ ತುಂಬುವ ಗೇಮ್‌ಗಳೂ ಬಂದಿವೆ. 2014ರ ನೆವರ್ ಅಲೋನ್ ಅಲಾಸ್ಕಾದ ಇನುಪಿಯಾಕ್ ಸಮುದಾಯದ ಕತೆ. ಕತೆ ಹೇಳುವ ದನಿ ಅವರದೇ ಭಾಷೆಯಲ್ಲಿದೆ. ಆ ಸಮುದಾಯದ ಹಿರಿಯರು, ಕತೆಗಾರರು ಗೇಮ್ ಮಾಡುವವರ ಜೊತೆ ಕೂತು ಕೆಲಸ ಮಾಡಿದರು. ತುಳು, ಕೊಡವ, ಬ್ಯಾರಿ ಮಾತಾಡುವ ಮನೆಯ ಮಕ್ಕಳು ಅಜ್ಜಿ ಹೇಳಿದ ಕತೆಯನ್ನು ಹೀಗೆ ಆಟಕ್ಕೆ ತಂದರೆ ಎಷ್ಟು ಚೆನ್ನ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಚಟ ಹತ್ತಲ್ವಾ?

ಪೋಷಕರು ಕೇಳಲೇಬೇಕಾದ ಪ್ರಶ್ನೆ ಇದು. ಗೇಮಿಂಗ್ ಡಿಸಾರ್ಡರ್ ಅನ್ನೋದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಿಂದ ಜಾರಿಯಲ್ಲಿದೆ. ಜಾಸ್ತಿ ಹೊತ್ತು ಆಡಿದರು ಅನ್ನೋದೊಂದೇ ಅದಕ್ಕೆ ಲಕ್ಷಣ ಅಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದೆ ಬಂದಿರಬೇಕು. ತೊಂದರೆ ಆಗುತ್ತಿದ್ದರೂ ನಿಲ್ಲಿಸಲು ಆಗದಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದಿರಬೇಕು. ಇಂಥ ಲಕ್ಷಣ ಕಂಡರೆ ವೈದ್ಯರನ್ನು ಕಾಣೋದೇ ಸರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ.

ಗೇಮ್ ಮಾಡಲು ಕಲಿಯೋದು ಇಲ್ಲಿ ಒಂದು ರೀತಿಯಲ್ಲಿ ನೆರವಾಗುತ್ತದೆ. ಪ್ರತಿದಿನ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅನ್ನೋ ನಿಯಮ ಯಾಕಿದೆ, ಅದು ತನ್ನಿಂದ ಏನು ಮಾಡಿಸುತ್ತಿದೆ ಅಂತ ನಿಯಮ ಬರೆದು ಗೊತ್ತಿರುವ ಮಗು ಗುರುತಿಸಬಲ್ಲದು.

ಕರ್ನಾಟಕದಲ್ಲಿ

ಗೇಮ್ ಮಾಡುವುದು ನಮಗೆ ಹೊಸದಲ್ಲ. 19ನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಹಲಗೆ ಆಟಗಳನ್ನು ತಾವೇ ರಚಿಸಿದ್ದರು. ಈ ಕಾಲಕ್ಕೆ ಬಂದರೆ, 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲೇ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಬೆಂಗಳೂರಿನಲ್ಲಿ ಈ ಕ್ಷೇತ್ರದವರಿಗಾಗಿ ಜಿಎಎಫ್‌ಎಕ್ಸ್ ಅನ್ನೋ ಸಮ್ಮೇಳನ ನಡೆಯುತ್ತದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ.

ಇವುಗಳಲ್ಲಿ ಹೆಚ್ಚಿನವು ಉದ್ಯಮಕ್ಕೆ, ಕಾಲೇಜಿಗೆ ಸೇರಿದವು. ನ್ಯೂಯಾರ್ಕಿನ ಮಾದರಿ ಮುಖ್ಯ ಆಗೋದು ಅದು ಸರ್ಕಾರಿ ಶಾಲೆಯ ತರಗತಿಯಿಂದ ಶುರುವಾದದ್ದಕ್ಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆಟದ ಮೂಲಕ ಕಲಿಕೆಯ ಮಾತಾಡಿದೆ, ಮಾಧ್ಯಮಿಕ ಹಂತದಲ್ಲಿ ಕೋಡಿಂಗ್ ಚಟುವಟಿಕೆ ಇರಬೇಕು ಅಂದಿದೆ. ಎರಡನ್ನೂ ಒಟ್ಟಿಗೆ ಮಾಡಲು ಗೇಮ್ ಮಾಡುವುದಕ್ಕಿಂತ ಸುಲಭದ ದಾರಿ ನನಗಂತೂ ಕಾಣುತ್ತಿಲ್ಲ.

ಶಾಲೆಯಲ್ಲಿ ಶುರು ಮಾಡಲು ಏನು ಬೇಕು?

ಕಂಪ್ಯೂಟರ್ ಲ್ಯಾಬ್ ಇಲ್ಲದಿದ್ದರೆ ಕಾಗದದಲ್ಲಿ ಶುರು ಮಾಡಿ. ವೃತ್ತಿಯವರೂ ಎಷ್ಟೋ ಸಲ ಮೊದಲು ಕಾಗದದಲ್ಲೇ ಗೇಮ್ ಮಾಡಿ ನೋಡುತ್ತಾರೆ, ಅದಕ್ಕೆ ಪೇಪರ್ ಪ್ರೋಟೋಟೈಪ್ ಅನ್ನುತ್ತಾರೆ. ಮೇಲಿನ ಕೆರೆ ಆಟಕ್ಕೆ ಬೇಕಾದದ್ದು 100 ಹುಣಸೆ ಬೀಜ, 10ರಿಂದ 20ರವರೆಗೆ ಬರೆದ ಚೀಟಿಗಳು, ಬೆಳೆಯ ಎರಡು ಕಾರ್ಡು. ಇದಕ್ಕೂ ಮೊದಲು ಮಕ್ಕಳಿಗೆ ಗೊತ್ತಿರುವ ಆಟವೊಂದನ್ನು ತಗೊಂಡು ಒಂದೇ ಒಂದು ನಿಯಮ ಬದಲಿಸಿ ಆಡಿಸಿ, ಏನು ಬದಲಾಯಿತು ಅಂತ ಬರೆಸಿ. ಒಂದು ಪೀರಿಯಡ್‌ನಲ್ಲಿ ಆಗುವ ಕೆಲಸ.

ಕಂಪ್ಯೂಟರ್ ಇದ್ದರೆ ಸ್ಕ್ರ್ಯಾಚ್ ಆ್ಯಪ್ ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಇದು ಮುಖ್ಯವಾಗಿ 8ರಿಂದ 16 ವರ್ಷದವರಿಗೆ. ಇನ್ನೂ ಚಿಕ್ಕವರಿಗೆ, ಅಂದರೆ 5ರಿಂದ 7 ವರ್ಷದವರಿಗೆ, ಸ್ಕ್ರ್ಯಾಚ್ ಜೂನಿಯರ್ ಇದೆ. ಅದರ ತುಂಡುಗಳ ಮೇಲೆ ಅಕ್ಷರದ ಬದಲು ಚಿತ್ರಗಳಿರುವುದರಿಂದ ಓದಲು ಬಾರದ ಮಕ್ಕಳೂ ಬಳಸಬಹುದು.